ಭಾವ ಪ್ಯಾರಿಸ್‌ನಿಂದ ಫ್ರಾನ್ಸ್‌ನ ಸಾನ್ಸೆರ್ ಊರಿನ ಬಿಳಿ ವೈನ್ ‘ಲೆ ಮೋಂ ದಾನೆ’ಯ ಬಾಟಲಿ ಉಡುಗೊರೆ ತಂದಿದ್ದಾರೆ, ಸೀಮೆಸುಣ್ಣದ ಗುಡ್ಡದ್ದಂತೆ. ಶೋಕೇಸಿನಲ್ಲಿಟ್ಟಿದ್ದೇನೆ. ನಿಜಕ್ಕೂ ಅಪರೂಪದ್ದೇ? ಈಗಲೇ ತೆರೆಯಲೋ, ಇಡಲೋ?

ಮೊದಲು ಆ ಬಾಟಲಿಯನ್ನು ಶೋಕೇಸಿನಿಂದ ಇಳಿಸಿ. ನಿಮ್ಮ ಭಾವ ಪ್ಯಾರಿಸ್‌ನಿಂದ ಹೊತ್ತು ತಂದದ್ದು ಮಂಗಳೂರಿನ ಸೆಖೆಯಲ್ಲಿ ಬೇಯಲಿ ಅಂತ ಅಲ್ಲವಲ್ಲ. ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬದಲ್ಲಿ ಅಡ್ಡ ಮಲಗಿಸಿಡಿ, ಕಾರ್ಕ್ ಒಣಗಬಾರದು. ತಿರುಗಿಸುವ ಮುಚ್ಚಳವಾದರೆ ಹೇಗಿಟ್ಟರೂ ನಡೆದೀತು.

ಕೆಲಸದ ಮೇಲೆ ಎರಡು ವರ್ಷ ಫ್ರಾನ್ಸ್‌ನ ಬೂರ್ಜ್ ಪಟ್ಟಣದಲ್ಲಿದ್ದೆ. ಅಲ್ಲಿಂದ ಸಾನ್ಸೆರ್‌ಗೆ ಕಾರಿನಲ್ಲಿ ಒಂದು ತಾಸೂ ಬೇಡ. ಪಕ್ಕದ ಶಾವಿನ್ಯೋಲ್ ಎಂಬ ಪುಟ್ಟ ಹಳ್ಳಿಯ ಬೆನ್ನಿಗೇ ಈ ಗುಡ್ಡ ನಿಂತಿದೆ. ‘ಮೋಂ ದಾನೆ’ ಅಂದರೆ ಶಾಪಗ್ರಸ್ತ ಗುಡ್ಡಗಳು. ಶಾಪ ತಟ್ಟಿದ್ದು ಅಲ್ಲಿ ದುಡಿಯುವವರ ಸೊಂಟಕ್ಕೆ! ಒಮ್ಮೆ ಮಳೆ ನಿಂತ ಮೇಲೆ ಹತ್ತಲು ಹೋಗಿ, ಶೂಗೆ ಮೆತ್ತಿದ ಜೇಡಿಮಣ್ಣಿನ ಭಾರಕ್ಕೆ ಅರ್ಧದಲ್ಲೇ ವಾಪಸಾದೆ. ಕೊಯ್ಲಿನ ಯಂತ್ರ ಅಲ್ಲಿ ಏರಲಾರದು, ಗೊಂಚಲನ್ನು ಕೈಯಲ್ಲೇ ಕೊಯ್ಯಬೇಕು. ಮಳೆಗೆ ಕೊಚ್ಚಿ ಬಂದ ಮಣ್ಣನ್ನು ಹಿಂದಿನವರು ಬುಟ್ಟಿಯಲ್ಲಿ ತುಂಬಿ, ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕುತ್ತಿದ್ದರಂತೆ.

ನೀವು ‘ಸೀಮೆಸುಣ್ಣದ ಗುಡ್ಡ’ ಅಂತ ಬರೆದಿದ್ದೀರಿ. ನೋಡಲು ಹಾಗೇ ಇದೆ, ಬೇಸಿಗೆಯಲ್ಲಿ ಒಣಗಿದರೆ ಇಳಿಜಾರೆಲ್ಲ ಬೆಳ್ಳಗೆ ಹೊಳೆಯುತ್ತದೆ. ಊರವರು ಕರೆಯುವುದೂ ‘ತೇರ್ ಬ್ಲಾಂಶ್’, ಬಿಳಿ ಮಣ್ಣು ಅಂತಲೇ. ಆದರೆ ಅದು ಶುದ್ಧ ಸೀಮೆಸುಣ್ಣವಲ್ಲ, ಸುಣ್ಣವೂ ಜೇಡಿಯೂ ಬೆರೆತ ಮಣ್ಣು. ಸುಮಾರು 15 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಪದರ. ಕೆದಕಿದರೆ ಉಗುರಿನಷ್ಟು ಪುಟ್ಟ, ಅಲ್ಪವಿರಾಮದಂತೆ ಬಾಗಿದ ಸಿಂಪಿಚಿಪ್ಪುಗಳು ಸಿಗುತ್ತವೆ. ಇದೇ ಪದರ ಬಿಳಿ ವೈನ್‌ಗೆ ಹೆಸರಾದ ಇನ್ನೊಂದು ಫ್ರೆಂಚ್ ಊರು ಶಾಬ್ಲಿಯಲ್ಲೂ ಇದೆ. ಜೇಡಿ ನೀರು ಹಿಡಿದಿಡುವುದರಿಂದ ಬಿರುಬಿಸಿಲಿನಲ್ಲೂ ಬಳ್ಳಿ ಸೊರಗುವುದಿಲ್ಲ. ಪಕ್ಕದ ಕಲ್ಲುಹರಳಿನ ಹೊಲಗಳ ವೈನ್ ಬೇಗ ಪರಿಮಳ ಬಿಟ್ಟುಕೊಡುತ್ತದೆ. ಇದು ಹಾಗಲ್ಲ, ಎಳೆಯದರಲ್ಲಿ ಬಿಗಿಯಾಗಿ, ಮೂತಿ ಬಿಗಿದುಕೊಂಡೇ ಇರುತ್ತದೆ.

ಹಾಗಾಗಿ ಲೇಬಲ್ ಮೇಲಿನ ವರ್ಷ ನೋಡಿ. ನಾಲ್ಕು ವರ್ಷ ದಾಟಿಲ್ಲವೆಂದರೆ ತಡೆಯಿರಿ. ಒಳ್ಳೆಯ ಕೈಯಲ್ಲಿ ತಯಾರಾದದ್ದು ಹತ್ತು ವರ್ಷ ಸಲೀಸಾಗಿ ಬಾಳುತ್ತದೆ, ಸೋವಿನ್ಯೋಂ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ವೈನ್‌ಗಳಲ್ಲಿ ಇದು ಅಪರೂಪದ ಗುಣ. (ಅಲ್ಲಿ ಹಿಂದೆ ಕೆಂಪು ದ್ರಾಕ್ಷಿಯೇ ಹೆಚ್ಚಿತ್ತು. 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಕೀಟ ಬಳ್ಳಿಗಳನ್ನು ನುಂಗಿ ಹಾಕಿದ ಮೇಲೆ ಸೋವಿನ್ಯೋಂ ಬ್ಲಾಂ ಮೇಲುಗೈ ಪಡೆಯಿತು. ಸಾನ್ಸೆರ್‌ನ ಬಿಳಿ ವೈನ್‌ಗೆ ಅಧಿಕೃತ ಮಾನ್ಯತೆ ಬಂದದ್ದು 1936ರಲ್ಲಿ.)

ಅಪರೂಪವೇ ಅಂದರೆ, ಸಾನ್ಸೆರ್ ಎಂಬ ಹೆಸರಂತೂ ಅಲ್ಲ, ಅದು ಪ್ಯಾರಿಸ್‌ನ ಗಲ್ಲಿ ಗಲ್ಲಿಯಲ್ಲೂ ಸಿಗುತ್ತದೆ. ಅಪರೂಪ ಈ ಇಳಿಜಾರು. ಹಲವು ಮನೆತನಗಳು ಹಂಚಿಕೊಂಡಿರುವುದರಿಂದ ಒಬ್ಬೊಬ್ಬರ ಪಾಲಿಗೆ ಬರುವುದು ತುಂಡು ತುಂಡು ನೆಲ. ವೈನ್ ತಯಾರಿಸುವ ವತಾಂ ಮನೆತನದ ‘ಕ್ಲೋ ಲಾ ನೆಓರ್’ ತೋಟ ಇಲ್ಲಿಯದೇ, ಸುಮಾರು ಒಂದೇ ಹೆಕ್ಟೇರ್. ಅದರ ವೈನ್‌ನ ಬೆಲೆ ಕೇಳಿದ್ದೇನೆ, ರುಚಿ ಕಂಡಿಲ್ಲ. ನಿಮ್ಮ ಬಾಟಲಿ ಬೇರೆಯವರದಾದರೂ ಬೇಸರ ಬೇಡ, ನಾನು ಕುಡಿದು ಮರೆಯದವೆಲ್ಲ ಅಂಥವೇ.

ತೆರೆಯುವ ದಿನ ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಹೊರಗಿಡಿ, 10ರಿಂದ 12 ಡಿಗ್ರಿಗೆ ಬರಲಿ. ನಾನು ಮೊದಲ ಬಾಟಲಿಯನ್ನು ಐಸ್‌ನಂತೆ ತಣ್ಣಗೆ ಮಾಡಿ, ಕೋಳಿ ಸುಕ್ಕದ ಜೊತೆ ಸುರಿದುಕೊಂಡು, ನಿಂಬೆಹುಳಿ ಬಿಟ್ಟು ಬೇರೇನೂ ಗೊತ್ತಾಗದೆ ಹಾಳುಮಾಡಿದವನು. ಶಾವಿನ್ಯೋಲ್‌ನಲ್ಲಿ ಅದೇ ಊರಿನ ಮೇಕೆ ಹಾಲಿನ ‘ಕ್ರೊತಾಂ’ ಚೀಸ್ ಇಡುತ್ತಾರೆ. ನಿಮ್ಮಲ್ಲಿ ಕಾಣೆ ಮೀನು ಸಿಕ್ಕರೆ ಉಪ್ಪು, ಅರಿಶಿನ, ಚೂರು ಕರಿಮೆಣಸು ಹಾಕಿ ಹುರಿಯಿರಿ. ಬ್ಯಾಡಗಿ ಮೆಣಸಿನ ಮಸಾಲೆ ಮಾತ್ರ ಆವತ್ತೊಂದು ದಿನ ಬೇಡ.