ಲೈಟ್‌ಸೇಬರ್ ಚಾಸಿ: ಪ್ರಿಂಟ್ ಅಗ್ಗವೋ, ಎರಕ ಅಗ್ಗವೋ ಎಂದು ಕೇಳಿದವರಿಗೆ

ನಿಮಗೊಂದು ಸ್ಟಾರ್ ವಾರ್ಸ್ ಚಿತ್ರಗಳ ಬೆಳಕಿನ ಕತ್ತಿ, ಅಂದರೆ ಲೈಟ್‌ಸೇಬರ್ ಬೇಕು. ಅದರ ಚಾಸಿಯನ್ನು, ಅಂದರೆ ಹಿಡಿಯೊಳಗಿನ ಚೌಕಟ್ಟನ್ನು, ದ್ರವ ಪ್ಲಾಸ್ಟಿಕನ್ನು ಯುವಿ ಬೆಳಕಿನಿಂದ ಗಟ್ಟಿಮಾಡುವ ರೆಸಿನ್ ಪ್ರಿಂಟರಿನಲ್ಲಿ ಮಾಡಿಸುವುದು ಅಗ್ಗವೋ, ಆ ಪ್ರಿಂಟಿನಿಂದ ಸಿಲಿಕೋನ್ ಅಚ್ಚು ತೆಗೆದು ಎರಕ ಹೊಯ್ಯುವುದು ಅಗ್ಗವೋ ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ತಾರಸಿಯಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ. ಆ ಹಾಳೆ ಈಗಲೂ ನನ್ನ ಬಳಿ ಇದೆ. ಅದರ ಒಂದು ಸಾಲೂ ನಿಜವಾಗಲಿಲ್ಲ.

ಹಿಡಿಯನ್ನು ಮೇಟಗಳ್ಳಿಯ ಲೇತ್ ಶಾಪ್ ಒಂದರಲ್ಲಿ ಅಲ್ಯೂಮಿನಿಯಂ ಕೊಳವೆಯಿಂದ ಕಡೆಸಿದೆ. ಒಳವ್ಯಾಸ 32 ಮಿ.ಮೀ. ಅಷ್ಟರೊಳಗೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ 18650 ಲಿಥಿಯಂ ಸೆಲ್, ಸದ್ದು ಹೊರಡಿಸುವ ಬೋರ್ಡ್, ತಳದಲ್ಲಿ 28 ಮಿ.ಮೀ. ಸ್ಪೀಕರ್, ಎಲ್ಲವೂ ಅಲುಗದಂತೆ ಕೂರಬೇಕು. ಅವನ್ನು ಹೊತ್ತುಕೊಳ್ಳುವ ತೊಟ್ಟಿಲೇ ಚಾಸಿ. ಪಿವಿಸಿ ಪೈಪು, ಅಕ್ರಿಲಿಕ್ ಹಾಳೆ, ಹಿತ್ತಾಳೆ ತಂತಿ ಸೇರಿಸಿ ಮೂರು ತಿಂಗಳು ಕೂತು ಅದರ ಮೂಲ ಮಾದರಿಯನ್ನು, ಅಂದರೆ ಮಾಸ್ಟರನ್ನು ಮಾಡಿದೆ. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದಲ್ಲಿ ಚಿತ್ತಾರದ ಚೂರು ಕೂರಿಸುವ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಿದರು. "ಸಂದು ಕಣ್ಣಿಗೆ ಕಾಣದಿದ್ದರೆ ಸಾಲದಪ್ಪ, ಉಗುರಿಗೂ ಸಿಗಬಾರದು" ಎಂದರು. ಮತ್ತೆ ಎರಡು ವಾರ ಉಜ್ಜಿದೆ.

ಇಬ್ಬರು ಗೆಳೆಯರಿಗೂ ಒಂದೊಂದು ಬೇಕಿತ್ತು. ಅದಕ್ಕೇ ಅಚ್ಚು ತೆಗೆಯಲು ಹೊರಟೆ. ಎಡವಿದ್ದು ಅಲ್ಲಿಯೇ.

ಎರಡು ಭಾಗದ ಅಚ್ಚು ತೆಗೆಯಬೇಕಾದರೆ ಮಾಸ್ಟರನ್ನು ಅರ್ಧದವರೆಗೆ ಜೇಡಿಯಂಥ ಮೆತ್ತನೆಯ ಹಾಸಿನಲ್ಲಿ ಹೂಳಿ, ಮೇಲೆ ಸಿಲಿಕೋನ್ ಸುರಿಯಬೇಕು. ಸ್ಟೇಷನರಿ ಅಂಗಡಿಯಿಂದ ಎಣ್ಣೆಯಂಶದ ಮಾಡೆಲಿಂಗ್ ಕ್ಲೇ ತಂದೆ, ಔಷಧಿ ಅಂಗಡಿಯಿಂದ ಬಿಳಿ ಲ್ಯಾಟೆಕ್ಸ್ ಕೈಗವಸು ತಂದೆ. ಸಿಲಿಕೋನ್ ಮಾತ್ರ ದುಬಾರಿಯದು, ಪ್ಲಾಟಿನಂ ವೇಗವರ್ಧಕ ಇರುವಂಥದ್ದು. ಎರಡು ಡಬ್ಬಿಯಿಂದ ಸಮಸಮ ತೂಗಿ, ಕಲಸಿ, ಸುರಿದು ಒಂದು ದಿನ ಬಿಟ್ಟೆ. ಮಾರನೆಯ ದಿನ ಮೇಲ್ಭಾಗ ಗಟ್ಟಿಯಾಗಿತ್ತು. ಬಿಡಿಸಿದರೆ ಒಳಗೆ ಹಲಸಿನ ಮೇಣ! ಮಾಸ್ಟರಿನ ಒಂದೊಂದು ಗೀರಿನಲ್ಲೂ ಅಂಟು ಕೂತಿತ್ತು. ತೂಕ ತಪ್ಪಿರಬೇಕು ಎಂದುಕೊಂಡು ತಕ್ಕಡಿ ಪರೀಕ್ಷಿಸಿದೆ. ಚಳಿಗೆ ಹೀಗಾಯಿತೇನೋ ಎಂದು ಎರಡು ದಿನ ಬಿಸಿಲಿಗಿಟ್ಟೆ. ಏನೂ ಆಗಲಿಲ್ಲ. ಕೊನೆಗೆ ಅಂಟು ತೆಗೆಯಲು ಥಿನ್ನರ್ ಹಾಕಿ ಒರೆಸಿದೆ. ಅಕ್ರಿಲಿಕ್ ಮಂಜುಗಟ್ಟಿತು, ಅಂಚುಗಳು ಕರಗಿ ಮೊಂಡಾದವು. ಮೂರೂವರೆ ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ಹೋಯಿತು.

ಕಾರಣ ಗಂಧಕ. ಹಾಲಿಗೆ ಹೆಪ್ಪು ಹೇಗೋ ಆ ಸಿಲಿಕೋನ್‌ಗೆ ಪ್ಲಾಟಿನಂ ಹಾಗೆ: ಇರುವುದು ಚೂರೇ ಚೂರು, ಆದರೆ ಇಡೀ ದ್ರವ ಗಟ್ಟಿಯಾಗುವುದು ಅದರಿಂದಲೇ. ಗಂಧಕ ತಾಗಿದರೆ ಅದು ಪ್ಲಾಟಿನಂಗೆ ಅಂಟಿಕೊಂಡು ಅದರ ಕೆಲಸವನ್ನೇ ನಿಲ್ಲಿಸುತ್ತದೆ. ಆಮೇಲೆ ಎಷ್ಟು ಕಾದರೂ, ಎಷ್ಟು ಕಾಯಿಸಿದರೂ ಆ ಪದರ ಗಟ್ಟಿಯಾಗುವುದಿಲ್ಲ. ಎಣ್ಣೆಯಂಶದ ಎಷ್ಟೋ ಕ್ಲೇಗಳಲ್ಲಿ ಗಂಧಕ ಇರುತ್ತದೆ. ಲ್ಯಾಟೆಕ್ಸ್ ಕೈಗವಸಿನ ರಬ್ಬರನ್ನು ಹದಗೊಳಿಸುವುದೂ ಗಂಧಕದಿಂದಲೇ. ಕ್ಲೇ ತಾಗಿದ್ದು ಅರ್ಧ ಭಾಗಕ್ಕೆ. ಉಳಿದ ಅರ್ಧಕ್ಕೆ ಆ ಕೈಗವಸು ತೊಟ್ಟು ನಾನೇ ಗಂಧಕ ಸವರಿದ್ದೆ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ನಿಮಗಾಗಿಯೇ. ನೀವು ಅಚ್ಚು ತೆಗೆಯಬೇಕೆಂದಿರುವ ಯುವಿ ರೆಸಿನ್ ಪ್ರಿಂಟ್ ಕೂಡ ಪ್ಲಾಟಿನಂ ಸಿಲಿಕೋನನ್ನು ಹೀಗೆಯೇ ಕೆಡಿಸಬಲ್ಲದು. ತವರದ ವೇಗವರ್ಧಕದ ಸಿಲಿಕೋನ್‌ಗೆ ಗಂಧಕದ ಭಯವಿಲ್ಲ. ಆದರೆ ಅದು ದಿನ ಕಳೆದಂತೆ ಕುಗ್ಗುತ್ತದೆ, ಅರ್ಧ ಮಿ.ಮೀ. ಲೆಕ್ಕದ ಕೆಲಸಕ್ಕೆ ನಾನು ಅದನ್ನು ನಂಬುವುದಿಲ್ಲ.

ಎರಡನೆಯ ಮಾಸ್ಟರಿಗೆ ಕುಂಬಾರಗೇರಿಯಲ್ಲಿ ಗಣಪತಿ ಮಾಡುವವರ ಮನೆಯಿಂದ ಒಂದು ಮುದ್ದೆ ಜೇಡಿಮಣ್ಣು ತಂದೆ. ಸಾಣಿಸಿ ಹದ ಮಾಡಿದ, ಬೆಣ್ಣೆಯಂಥ ಮಣ್ಣು. ಲ್ಯಾಟೆಕ್ಸ್ ಬಿಟ್ಟು ನೈಟ್ರೈಲ್ ಕೈಗವಸು ತೊಟ್ಟೆ. ಮೊದಲು ಮಣ್ಣಿನ ಚೂರೊಂದರ ಮೇಲೆ ಒಂದು ಚಮಚ ಸಿಲಿಕೋನ್ ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅದು ಸಲೀಸಾಗಿ ಎದ್ದು ಬಂತು. ಮಣ್ಣಿನ ಮೇಲಿದ್ದ ನನ್ನ ಬೆರಳಚ್ಚಿನ ಗೆರೆಗಳೂ ಅದರಲ್ಲಿ ಮೂಡಿದ್ದವು. ಆ ಒಂದು ಚಮಚವನ್ನು ಮೊದಲೇ ಸುರಿದಿದ್ದರೆ ಮೂರೂವರೆ ತಿಂಗಳು ಉಳಿಯುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆ. ಅಗ್ಗ ಯಾವುದು ಎಂದು ಕೇಳುವುದೇ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನಿಮಗೆ ಬೇಕಾಗಿರುವುದು ಒಂದು. ಒಂದಕ್ಕೆ ಅಚ್ಚು ಏಕೆ? ಮಾಸ್ಟರನ್ನು ಕೈಯಲ್ಲಿ ಮಾಡಿ, ಅದನ್ನೇ ಹಿಡಿಯೊಳಗೆ ಕೂರಿಸಿ. 1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ನಾಯಕ ಲ್ಯೂಕ್ ಹಿಡಿದ ಲೈಟ್‌ಸೇಬರ್ ಗ್ರಾಫ್ಲೆಕ್ಸ್ ಕ್ಯಾಮೆರಾದ ಹಳೆಯ ಫ್ಲಾಶ್ ಹಿಡಿ. ಸೆಟ್ ಅಲಂಕಾರ ನೋಡಿಕೊಳ್ಳುತ್ತಿದ್ದ ರೋಜರ್ ಕ್ರಿಶ್ಚಿಯನ್ ಅದಕ್ಕೆ ಕಪ್ಪು ಪಟ್ಟಿಗಳನ್ನು ಅಂಟಿಸಿ ರೂಪ ಕೊಟ್ಟರು. ಈ ಕಲೆ ಹುಟ್ಟಿದ್ದೇ ಕೈಗೆ ಸಿಕ್ಕಿದ್ದರಿಂದ. ಅದನ್ನು ಪ್ರಿಂಟರಿಗೆ ಒಪ್ಪಿಸಿ ಕೂರುವುದು ನನಗೆ ಒಪ್ಪಿಗೆಯಿಲ್ಲ.

ಮೂರು ನಾಲ್ಕು ಬೇಕೆಂದಾದರೆ ಎರಕ ಹೊಯ್ಯಿರಿ, ಆದರೆ ಮಳೆಗಾಲದಲ್ಲಿ ಬೇಡ. ಅಚ್ಚಿಗೆ ಹೊಯ್ಯುವ ಪಾಲಿಯುರೆಥೇನ್ ರೆಸಿನ್ ಗಾಳಿಯ ತೇವ ಹೀರಿ ಒಳಗೆಲ್ಲ ಗುಳ್ಳೆ ಏಳುತ್ತದೆ. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಹಾಗಾಗಿ ತಕ್ಕ ಮಾಸ್ಕ್ ಹಾಕಿಕೊಂಡು ತೆರೆದ ಜಾಗದಲ್ಲೇ ಕೆಲಸ ಮಾಡಿ. ಸೆಲ್ ಕೂರುವ ಜಾಗಕ್ಕೆ 65 ಮಿ.ಮೀ. ಸಾಲದೇ ಹೋಗಬಹುದು, ರಕ್ಷಣೆಯ ಸರ್ಕ್ಯೂಟ್ ಇರುವ ಸೆಲ್‌ಗಳು ಅದಕ್ಕಿಂತ ಉದ್ದ ಇರುತ್ತವೆ. ಸೆಲ್ಲನ್ನೇ ಕೈಯಲ್ಲಿಟ್ಟುಕೊಂಡು ಅಳೆಯಿರಿ.

ಸಿಲಿಕೋನ್ ಆಗಲೇ ಕೊಂಡಿದ್ದೀರಾ? ಡಬ್ಬಿಯ ಮೇಲೆ ಪ್ಲಾಟಿನಂ ಎಂದಿದೆಯೋ ತವರ ಎಂದಿದೆಯೋ ನೋಡಿ ಇಲ್ಲೇ ಬರೆಯಿರಿ. ನಾನು ಉತ್ತರಿಸುವವರೆಗೆ ಪ್ರಿಂಟಿನ ಮೇಲೆ ಸುರಿಯಬೇಡಿ.