ಗೀಸರ್‌ಗೆ ಟೈಮರ್ ಹಾಕಿಸಬಹುದಾ? ಹಾಕಿಸಬಹುದು, ಆದರೆ ಬರೀ ಬಿಲ್ಲಿಗೋಸ್ಕರ ಬೇಡ

ನೀವು ಕೇಳಿದ್ದು ಇಷ್ಟು: ಮಂಜೇಶ್ವರದ ಮನೆಯಲ್ಲಿ 25 ಲೀಟರಿನ ಗೀಸರ್ ಇದೆ, ಬೆಳಿಗ್ಗೆ ಸ್ವಿಚ್ ಹಾಕಿದವರು ಆಫ್ ಮಾಡಲು ಮರೆಯುತ್ತಾರೆ, ಟೈಮರ್ ಹಾಕಿದರೆ ಬಿಲ್ ಇಳಿಯುತ್ತದಾ, ಹಾಕುವುದಾದರೆ ಯಾವುದು? ನಾನೂ ಕೇರಳದ ಅದೇ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ನಮ್ಮಲ್ಲೂ ಅದೇ 25 ಲೀಟರ್, ಅದೇ ಮರೆವು. ಮೊದಲು ತಪ್ಪು ಟೈಮರ್ ತಂದು, ಆಮೇಲೆ ಸರಿಯಾದದ್ದು ಹಾಕಿಸಿದ್ದೇನೆ. ಎರಡೂ ಹೇಳುತ್ತೇನೆ.

ಮೊದಲು ಬಿಲ್ಲಿನ ವಿಷಯ. ಗೀಸರ್ ಇಡೀ ದಿನ ಆನ್ ಇದ್ದರೆ ಇಡೀ ದಿನ ಕರೆಂಟ್ ಎಳೆಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಹಾಗಿಲ್ಲ. ನೀರು ಕಾದ ಕೂಡಲೇ ಒಳಗಿನ ಥರ್ಮೋಸ್ಟಾಟ್ ಕಟ್ ಮಾಡುತ್ತದೆ. ಆಮೇಲೆ ನೀರು ತಣಿದಷ್ಟನ್ನು ಮತ್ತೆ ಕಾಯಿಸುತ್ತದೆ, ಅಷ್ಟೇ. ನಮ್ಮ ಕಡೆ ಬಾವಿ ನೀರು ಸುಮಾರು 27 ಡಿಗ್ರಿ ಇರುತ್ತದೆ. 25 ಲೀಟರನ್ನು ಅಲ್ಲಿಂದ 60 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. 2000 ವ್ಯಾಟ್‌ನ ಗೀಸರ್ ಆದರೆ ಅರ್ಧ ಗಂಟೆ. ಇದು ಟೈಮರ್ ಇದ್ದರೂ ಬೇಕು, ಇಲ್ಲದಿದ್ದರೂ ಬೇಕು. ಉಳಿಯುವುದು ಸುಮ್ನೆ ತಣಿದು ಹೋಗುವ ಭಾಗ ಮಾತ್ರ.

ಅದೆಷ್ಟು ಅಂತ ನೋಡಲು ನಮ್ಮ ಇಲೆಕ್ಟ್ರಿಶಿಯನ್ ಹತ್ತಿರ ಪ್ಲಗ್‌ಗೆ ಸಿಕ್ಕಿಸುವ ಚಿಕ್ಕ ಮೀಟರ್ ಕೇಳಿ ತಂದೆ. ಮನೆಯವರೆಲ್ಲ ಮದುವೆಗೆ ಹೋಗಿದ್ದ ದಿನ ಗೀಸರ್ ಆನ್ ಮಾಡಿ, ನಲ್ಲಿ ಮುಟ್ಟದೆ 24 ಗಂಟೆ ಬಿಟ್ಟೆ. ಮೊದಲ ಕಾಯಿಸುವಿಕೆ ಬಿಟ್ಟು ಮುಕ್ಕಾಲು ಯೂನಿಟ್ ಹೋಗಿತ್ತು. ನಮ್ಮದು ಹಳೇ ಗೀಸರ್. ಹೊಸದು, ಸ್ಟಾರ್ ಜಾಸ್ತಿ ಇರುವುದು ಆದರೆ ಇನ್ನೂ ಕಡಿಮೆ. ಈ ಮುಕ್ಕಾಲು ಯೂನಿಟ್‌ನಲ್ಲಿ ಟೈಮರ್ ಅರ್ಧ ಯೂನಿಟ್ ಉಳಿಸಬಹುದು. ಎರಡು ತಿಂಗಳ ಬಿಲ್ಲಿಗೆ 30 ಯೂನಿಟ್. ಟೈಮರ್, ಡಬ್ಬಿ, ಕೂಲಿ ಎಲ್ಲ ಸೇರಿ ನನಗೆ ಎರಡು ಸಾವಿರದ ಆಸುಪಾಸು ಆಯಿತು. ಬೇಗ ವಾಪಸ್ ಬರುವ ದುಡ್ಡಲ್ಲ.

ಒಂದೇ ಒಂದು ಕಡೆ ಈ 30 ಯೂನಿಟ್ ದೊಡ್ಡದಾಗುತ್ತದೆ. ಕೇರಳದ ದರದಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಹಂತಹಂತವಾಗಿ ದರ ಏರುವ ಸ್ಲ್ಯಾಬ್ ಲೆಕ್ಕ ಇಲ್ಲ. ಮೊದಲನೇ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ಜಾಸ್ತಿ ದರ. ಅಂದರೆ ಎರಡು ತಿಂಗಳಿಗೆ 500ರ ಗಡಿ. ನಿಮ್ಮ ಬಿಲ್ 510, 520 ಯೂನಿಟ್ ಅಂತ ಬರುತ್ತಿದ್ದರೆ ಟೈಮರ್ ಖಂಡಿತ ಹಾಕಿಸಿ. 300 ಬರುವವರಾದರೆ ಮೊದಲು ಗೀಸರ್‌ನ ಬಿಸಿ ಹೆಚ್ಚುಕಡಿಮೆ ಮಾಡುವ ತಿರುಗಣೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಕೊನೆಗೇ ತಿರುಗಿ ನಿಂತಿರುತ್ತದೆ. ಕುದಿಯುವಷ್ಟು ಕಾಯಿಸಿ, ಆಮೇಲೆ ಎರಡು ಬಕೆಟ್ ತಣ್ಣೀರು ಬೆರೆಸಿ ಮೀಯುವುದು ಯಾಕೆ ಅಲ್ವಾ? 55–60 ಸಾಕು. ಅದಕ್ಕೆ ಖರ್ಚಿಲ್ಲ.

ಹಾಗಾದರೆ ನಾನು ಯಾಕೆ ಹಾಕಿಸಿದೆ? ಅಮ್ಮನಿಗೆ ಬೆಳಿಗ್ಗೆ ಐದೂವರೆಗೆ ಸ್ನಾನ ಆಗಬೇಕು. ಮೊದಲು ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆ, ಒಣ ಮಡಲು ಹಾಕಿ ಬೆಂಕಿ ಮಾಡುತ್ತಿದ್ದರು. ಈಗ ಮಂಡಿ ನೋವು, ಮಳೆಗಾಲದಲ್ಲಿ ಕಟ್ಟಿಗೆಯೂ ಒದ್ದೆ. ಐದು ಗಂಟೆಗೆ ಎದ್ದು ಸ್ವಿಚ್ ಹಾಕಿ ಅರ್ಧ ಗಂಟೆ ಕಾಯುವ ಬದಲು, ಎದ್ದಾಗ ನೀರು ಬಿಸಿ ಇರಲಿ ಅಂತ. ಜೊತೆಗೆ, ಯಾರೂ ಇಲ್ಲದ ಮನೆಯಲ್ಲಿ ಹಳೇ ಥರ್ಮೋಸ್ಟಾಟ್ ನಂಬಿ ಗೀಸರ್ ಆನ್ ಬಿಟ್ಟು ಹೋಗುವುದು ನನಗೆ ಸಮಾಧಾನ ಇರಲಿಲ್ಲ.

ಈಗ ನನ್ನ ತಪ್ಪು. ಪೇಟೆಯಲ್ಲಿ ಪ್ಲಗ್‌ಗೆ ಸಿಕ್ಕಿಸುವ ಮೆಕ್ಯಾನಿಕಲ್ ಟೈಮರ್ ಸಿಕ್ಕಿತು. ದುಂಡಗಿನ ಚಕ್ರ, ಸುತ್ತಲೂ 96 ಚಿಕ್ಕ ಕಡ್ಡಿ, ಒಂದೊಂದು 15 ನಿಮಿಷ. ಬೇಕಾದ ಹೊತ್ತಿನ ಕಡ್ಡಿಗಳನ್ನು ಒತ್ತಿದರೆ ಆಯಿತು. ನೋಡಲು ಚಂದ, ಮಕ್ಕಳಿಗೂ ಅರ್ಥ ಆಗುತ್ತದೆ. ಆದರೆ ಆ ಚಕ್ರ ತಿರುಗುವುದೇ ಕರೆಂಟಿನಲ್ಲಿ. ಕರೆಂಟ್ ಹೋದರೆ ಅದರ ಗಂಟೆಯೂ ನಿಲ್ಲುತ್ತದೆ. ಜೂನ್ ತಿಂಗಳಲ್ಲಿ ಒಂದು ರಾತ್ರಿ ಲೈನಿನ ಮೇಲೆ ಅಡಿಕೆ ಮರ ಬಿದ್ದು ಮೂರು ಗಂಟೆ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಬಚ್ಚಲಿನಿಂದ ಅಮ್ಮನ ದನಿ: "ನಿನ್ನ ಈ ಡಬ್ಬಿಗೆ ಗಂಟೆ ನೋಡ್ಲಿಕ್ಕೆ ಬರುವುದಿಲ್ವಾ ಮಾರಾಯ?" ನಾವೆಲ್ಲ ತಣ್ಣೀರು ಮಿಂದು ಹೊರಟ ಮೇಲೆ, ಎಂಟು ಗಂಟೆಗೆ ಗೀಸರ್ ಶಿಸ್ತಾಗಿ ನೀರು ಕಾಯಿಸಿತು. ನಮ್ಮ ಕಡೆಯ ಮಳೆಗಾಲಕ್ಕೆ ಈ ಜಾತಿಯ ಟೈಮರ್ ಆಗುವುದೇ ಇಲ್ಲ.

ಅದರ ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ಸಾಕೆಟ್ ಹಳೆಯದು, ಟೈಮರ್ ಭಾರ. ಅದು ಜೋತು ಬಿದ್ದು ಪಿನ್ ಸಡಿಲ ಆಗಿತ್ತು. ಒಂದು ದಿನ ಸುಟ್ಟ ಪ್ಲಾಸ್ಟಿಕ್ ವಾಸನೆ. ತೆಗೆದು ನೋಡಿದರೆ ಪಿನ್ನಿನ ಬುಡ ಕಂದು, ಸಾಕೆಟ್‌ನ ತೂತು ಕರಗಿ ಅಂಡಾಕಾರ ಆಗಿದೆ. 2000 ವ್ಯಾಟ್ ಅಂದರೆ ಒಂಬತ್ತು ಆಂಪ್ ಹತ್ತಿರ, ಅದೂ ಅರ್ಧ ಗಂಟೆ ಎಡೆಬಿಡದೆ. ಮೊಬೈಲ್ ಚಾರ್ಜರ್ ತರ ಅಲ್ಲ. ಪ್ಲಗ್‌ಗೆ ಸಿಕ್ಕಿಸುವುದೇ ಬೇಕೆಂದರೆ 16 ಆಂಪ್ ಅಂತ ಬರೆದದ್ದೇ ತನ್ನಿ, ಹೊಸ ಸಾಕೆಟ್ ಹಾಕಿಸಿ. ಮೊದಲ ವಾರ ದಿನಾ ಒಮ್ಮೆ ಮುಟ್ಟಿ ನೋಡಿ. ಕೈಗೆ ಸ್ವಲ್ಪ ಬೆಚ್ಚಗಾದರೆ ಸರಿ, ಚುರುಕು ಮುಟ್ಟಿದರೆ ತೆಗೆಯಿರಿ.

ವೈಫೈ ಪ್ಲಗ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. 16 ಆಂಪಿನದು ಸಿಗುತ್ತದೆ, ಫೋನಿನಲ್ಲೇ ಆನ್ ಆಫ್ ಮಾಡಬಹುದು. ಕೆಲವು ಕರೆಂಟ್ ಹೋಗಿ ಬಂದ ಮೇಲೆ ನೆಟ್ ಸಿಗುವವರೆಗೆ ಗಂಟೆ ತಿಳಿಯದೆ ಕೂರುತ್ತವೆ. ಪೇಟೆಯ ಮನೆಗೆ ಆದೀತು. ಗುಡ್ಡದ ಮೇಲಿನ ನಮ್ಮ ಮನೆಗೆ ಬೇಡ ಅನ್ನಿಸಿತು.

ಕೊನೆಗೆ ಹಾಕಿಸಿದ್ದು ಎಂಸಿಬಿ (ಫ್ಯೂಸಿನ ಬದಲು ಇರುವ ಸ್ವಿಚ್) ಕೂರುವ ಪಟ್ಟಿಯಲ್ಲೇ ಕೂರುವ ಡಿಜಿಟಲ್ ಟೈಮರ್. ಒಳಗೆ ಬ್ಯಾಟರಿ ಇದೆ, ಕರೆಂಟ್ ಹೋದರೂ ಗಂಟೆ ತಪ್ಪುವುದಿಲ್ಲ. ಬಚ್ಚಲಿನ ಹೊರಗೆ, ಮಳೆ ನೀರು ಎರಚದ ಗೋಡೆಗೆ ಡಬ್ಬಿ. ಒಳಗೆ ಹಾಕಬೇಡಿ. ಅಲ್ಲಿನ ಹಬೆಗೆ ತಾಮ್ರ ಹಸಿರುಗಟ್ಟುತ್ತದೆ. ಡಬ್ಬಿಯ ತೂತುಗಳನ್ನೂ ಮುಚ್ಚಿಸಿ, ಇರುವೆಗಳು ಗೂಡು ಕಟ್ಟದೆ ಬಿಡುವುದಿಲ್ಲ. ಮೊದಲು ಡಿಪಿ ಸ್ವಿಚ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಟ್ ಮಾಡುವುದು), ಆಮೇಲೆ ಟೈಮರ್, ಆಮೇಲೆ ಗೀಸರ್. ಗೀಸರ್ 3000 ವ್ಯಾಟಿನದಾದರೆ ಟೈಮರ್ ಮೇಲೆ ನೇರ ಭಾರ ಹಾಕದೆ ನಡುವೆ ಕಾಂಟ್ಯಾಕ್ಟರ್ (ಭಾರದ ಕರೆಂಟ್ ತಡೆಯುವ ಸ್ವಿಚ್) ಇಡಿಸಿ. ಟೈಮರ್ ಅದನ್ನು ಮಾತ್ರ ಎಳೆಯುತ್ತದೆ, ಗೀಸರಿನ ಕರೆಂಟ್ ಕಾಂಟ್ಯಾಕ್ಟರ್ ಮೂಲಕ ಹೋಗುತ್ತದೆ. ಮೂರು ಲೀಟರಿನ ಇನ್‌ಸ್ಟಂಟ್ ಆದರೆ ಟೈಮರೇ ಬೇಡ, ಬೇಕಾದಾಗ ಹಾಕಿದರೆ ಸಾಕು.

ವಯರಿಂಗ್ ಗೊತ್ತಿಲ್ಲದಿದ್ದರೆ ಇಲೆಕ್ಟ್ರಿಶಿಯನ್‌ನನ್ನೇ ಕರೆಯಿರಿ. ಅವರ ಹತ್ತಿರ ಒಂದು ಮಾತು ಕೇಳಿ: ಟೈಮರ್ ಕಟ್ ಮಾಡುವುದು ಫೇಸನ್ನೋ (ಕರೆಂಟ್ ಬರುವ ತಂತಿ) ನ್ಯೂಟ್ರಲನ್ನೋ (ವಾಪಸ್ ಹೋಗುವ ತಂತಿ)? ಹಳೇ ಮನೆಗಳಲ್ಲಿ ಸಾಕೆಟ್‌ನಲ್ಲಿ ಇವೆರಡೂ ಉಲ್ಟಾ ಇರುವುದು ಜಾಸ್ತಿ. ನಮ್ಮದೂ ಉಲ್ಟಾನೇ ಇತ್ತು. ಆಗ ಟೈಮರ್ ಆಫ್ ಅಂತ ತೋರಿಸಿದರೂ ಒಳಗಿನ ಕಾಯಿಲ್‌ವರೆಗೆ ಫೇಸ್ ಬಂದು ಕೂತಿರುತ್ತದೆ. ಟೆಸ್ಟರ್ ಇಟ್ಟು ನೋಡಿದರೆ ಎರಡು ನಿಮಿಷದ ಕೆಲಸ. ಅರ್ತ್ ಸರಿ ಇದೆಯಾ, ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ 30 ಮಿಲಿ ಆಂಪಿನ ಇಎಲ್‌ಸಿಬಿ ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದಾ, ಇವನ್ನೂ ಅವರ ಎದುರಲ್ಲೇ ನೋಡಿ. ಇಎಲ್‌ಸಿಬಿ ಇಲ್ಲದಿದ್ದರೆ ಟೈಮರಿನ ದುಡ್ಡು ಅದಕ್ಕೆ ಹಾಕಿ. ಟೈಮರ್ ಮುಂದಿನ ವರ್ಷಕ್ಕಾದರೂ ಆದೀತು.

ನಮ್ಮಲ್ಲಿ ಬೆಳಿಗ್ಗೆ 4.50ಕ್ಕೆ ಆನ್, 6.30ಕ್ಕೆ ಆಫ್. ಸಂಜೆ 5.15ಕ್ಕೆ ಆನ್, 6ಕ್ಕೆ ಆಫ್. ನಮ್ಮಲ್ಲಿ ಸಂಜೆ 6ರಿಂದ 10 ಪೀಕ್ ಹೊತ್ತು, ಹೊತ್ತಿನ ಲೆಕ್ಕದ ಬಿಲ್ ಇರುವವರಿಗೆ ಆಗ ದರ ಜಾಸ್ತಿ. ಆರಕ್ಕೆ ಆಫ್ ಆದರೂ ಎಂಟೂವರೆಗೆ ಮೀಯುವವರಿಗೆ ನೀರು ಬಿಸಿಯೇ ಇರುತ್ತದೆ. ಮುಕ್ಕಾಲು ಯೂನಿಟ್ ಲೆಕ್ಕ ಹಿಡಿದರೆ ಟ್ಯಾಂಕ್ ಗಂಟೆಗೆ ಒಂದು ಡಿಗ್ರಿಯಷ್ಟೇ ತಣಿಯುವುದು.

ನೆಂಟರು ಬಂದಾಗ ಟೈಮರಿನ ಬಟನ್ ಒತ್ತಿ 'ಆನ್' ಮಾಡಬಹುದು. ಮತ್ತೆ 'ಆಟೋ'ಗೆ ತರಬೇಕು, ಇಲ್ಲದಿದ್ದರೆ ಅದು ಆನ್‌ನಲ್ಲೇ ಇರುತ್ತದೆ. ಕಳೆದ ದೀಪಾವಳಿಗೆ ಅತ್ತೆಯ ಮನೆಯವರೆಲ್ಲ ಬಂದಿದ್ದರು. ಅವರು ಹೋಗಿ ಮೂರು ದಿನ ಆದ ಮೇಲೆ ಅಮ್ಮ ಡಬ್ಬಿಯ ಕೆಂಪು ದೀಪ ತೋರಿಸಿ, "ಇದು ಯಾಕೆ ಹಗಲೂ ಉರಿಯುತ್ತದೆ?" ಅಂದರು. ಈಗ ನಾನು 'ಆನ್' ಒತ್ತಿದ ಕೂಡಲೇ ಇನ್ನೊಮ್ಮೆ ಒತ್ತಿ 'ಆಟೋ'ಗೆ ತರುತ್ತೇನೆ. ನಮ್ಮದರಲ್ಲಿ ಹಾಗೆ ಮಾಡಿದರೆ ಗೀಸರ್ ಆನ್ ಇದ್ದು, ಮುಂದಿನ ಆಫ್ ಹೊತ್ತಿಗೆ ತಾನೇ ನಿಲ್ಲುತ್ತದೆ. ಅಂಗಡಿಯಲ್ಲಿ ತೆಗೆದುಕೊಳ್ಳುವಾಗ ಇದೊಂದು ಮಾಡಿ ತೋರಿಸಲು ಹೇಳಿ.