ಥೀಮ್ ಪಾರ್ಕ್ ಪ್ರವಾಸ: ಟಿಕೆಟ್‌ಗೂ ಮೊದಲು ಮಗುವಿನ ಎತ್ತರ ಅಳೆಯಿರಿ

ಪ್ರಶ್ನೆ: ನಾವು ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, 9 ವರ್ಷದ ಮಗಳು, 5 ವರ್ಷದ ಮಗ, 66 ವರ್ಷದ ಅತ್ತೆ. ಬರುವ ಬೇಸಿಗೆ ರಜೆಗೆ ಮೊದಲ ಸಲ ವಿದೇಶಕ್ಕೆ ಹೋಗೋಣ ಅಂತಿದ್ದೇವೆ. ಮಕ್ಕಳಿಗೆ ಯೂನಿವರ್ಸಲ್ ಸ್ಟುಡಿಯೋಸ್ ಇಲ್ಲವೇ ಡಿಸ್ನಿಲ್ಯಾಂಡ್ ನೋಡಲೇಬೇಕಂತೆ. 4.5 ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಟೂರ್ ಕಂಪನಿಯೊಂದು 6 ದಿನದಲ್ಲಿ ಸಿಂಗಪುರ, ಮಲೇಷ್ಯಾ ಎರಡೂ ತೋರಿಸುತ್ತೇವೆ ಅನ್ನುತ್ತಿದೆ. ಯಜಮಾನರನ್ನು ಬಿಟ್ಟರೆ ಯಾರಿಗೂ ಪಾಸ್‌ಪೋರ್ಟ್ ಇಲ್ಲ. ಎಲ್ಲಿಂದ ಶುರು ಮಾಡೋದು?
– ಓದುಗರು, ರಾಜಾಜಿನಗರ

ಉತ್ತರ: ಅಳತೆ ಟೇಪಿನಿಂದ ಶುರು ಮಾಡಿ. ಮಗನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಐದು ವರ್ಷದ ಮಕ್ಕಳು ಸಾಮಾನ್ಯವಾಗಿ 105ರಿಂದ 110 ಸೆಂಟಿಮೀಟರ್ ಇರುತ್ತಾರೆ. ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ಸ್ ರೈಡ್‌ಗೆ 102 ಸೆಂ.ಮೀ. ಇದ್ದರೆ ಸಾಕು. ಮಮ್ಮಿ ರೈಡ್‌ಗೆ 122 ಬೇಕು. ಎರಡು ಹಳಿಗಳ ದೊಡ್ಡ ರೋಲರ್ ಕೋಸ್ಟರ್ ಇದೆಯಲ್ಲ, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ, ಅದಕ್ಕೆ 125. ಅಂದರೆ ನಿಮ್ಮ ಮಗಳು ಬಹುಶಃ ಎಲ್ಲದಕ್ಕೂ ಹೋಗಬಹುದು, ಮಗ ದೊಡ್ಡ ರೈಡ್‌ಗಳ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅಲ್ಲಿ ಗೋಗರೆದರೆ ಬಿಡುವುದಿಲ್ಲ, ಒಂದು ಸೆಂಟಿಮೀಟರ್ ಕಡಿಮೆ ಇದ್ದರೂ ಇಲ್ಲ. ಮಗುವಿಗೆ ಇದನ್ನು ಮನೆಯಲ್ಲೇ ಹೇಳಿಬಿಡಿ. ಟಿಕೆಟ್ ಕೊಂಡು, ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತ ಮೇಲೆ ಗೊತ್ತಾದರೆ ಆ ದಿನ ಪೂರ್ತಿ ಹಾಳು.

ಐದು ವರ್ಷದ ಮಗುವೊಂದನ್ನೇ ನೋಡಿದರೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಜಾಸ್ತಿ ಹೊಂದುತ್ತದೆ. ಅಲ್ಲಿ ಎತ್ತರದ ನಿಯಮವೇ ಇಲ್ಲದ ರೈಡ್‌ಗಳು ಬೇಕಾದಷ್ಟಿವೆ: ಡಂಬೋ ಆನೆ, ಮಿಸ್ಟಿಕ್ ಮ್ಯಾನರ್, 2023ರಲ್ಲಿ ಶುರುವಾದ ಫ್ರೋಜನ್ ವಿಭಾಗದ ದೋಣಿ. ಹಾಂಗ್‌ಕಾಂಗ್‌ಗೆ ಭಾರತೀಯರು ಆನ್‌ಲೈನ್‌ನಲ್ಲಿ ಮುಂಚಿತ ನೋಂದಣಿ ಮಾಡಿಸಿದರೆ ಸಾಕು, ಅದಕ್ಕೆ ಶುಲ್ಕವಿಲ್ಲ, 14 ದಿನ ಇರಬಹುದು. ಆದರೂ ನಿಮಗೆ ನಾನು ಹೇಳುವುದು ಸಿಂಗಪುರವನ್ನೇ. ಕಾರಣ ಅತ್ತೆಯವರು. ಮೊದಲ ಸಲ ಹೊರಗೆ ಬರುವ ಹಿರಿಯರಿಗೆ ಬೇಕಾಗುವುದು ಬಾಯಿಗೆ ಹಿಡಿಸುವ ಊಟ, ಕಾಲಿಗೆ ಹಿಡಿಸುವ ದಾರಿ. ಲಿಟಲ್ ಇಂಡಿಯಾದ ಸುತ್ತ ಸಸ್ಯಾಹಾರಿ ಹೋಟೆಲುಗಳಿವೆ, ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಶಾಖೆಯೂ ಇದೆ. ನಲ್ಲಿ ನೀರನ್ನೇ ಕುಡಿಯಬಹುದು. ಗಡಿಯಾರದ ಲೆಕ್ಕದಲ್ಲಿ ಎರಡೂವರೆ ಗಂಟೆ ಮಾತ್ರ ವ್ಯತ್ಯಾಸ.

ಮಲೇಷ್ಯಾ ಕೈಬಿಡಿ. ದೇಶ ಚೆನ್ನಾಗಿಲ್ಲ ಅಂತಲ್ಲ. ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬಸ್ಸಿನಲ್ಲಿ ಐದಾರು ಗಂಟೆ. ನಡುವೆ ಗಡಿ. ಒಂದು ದೇಶದಿಂದ ಹೊರಬೀಳುವ ಮುದ್ರೆಗೆ ಒಂದು ಸಲ, ಇನ್ನೊಂದರ ಒಳಗೆ ಹೋಗುವ ಮುದ್ರೆಗೆ ಒಂದು ಸಲ ಎಲ್ಲರೂ ಇಳಿಯಬೇಕು. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು, ಅತ್ತೆಯವರ ಕೈ ಹಿಡಿದುಕೊಂಡು, ಸೂಟ್‌ಕೇಸ್ ಎಳೆದುಕೊಂಡು. ಆರು ದಿನದಲ್ಲಿ ಹೆಚ್ಚುಕಡಿಮೆ ಎರಡು ದಿನ ರಸ್ತೆಗೇ ಹೋಗುತ್ತದೆ. ಎರಡು ದೇಶ ಅಂತ ಫೇಸ್‌ಬುಕ್‌ನಲ್ಲಿ ಹಾಕಿಕೊಳ್ಳಬಹುದು, ಅಷ್ಟೇ. ಒಂದೇ ಊರು, ಒಂದೇ ಹೋಟೆಲ್, ಪಾರ್ಕಿಗೆ ಒಂದು ಪೂರ್ತಿ ದಿನ, ಅದರ ಮರುದಿನ ಬೆಳಿಗ್ಗೆ ಏನೂ ಇಲ್ಲ. ಹೀಗೆ ಮಾಡಿಕೊಂಡು ನೋಡಿ.

ಪಾಸ್‌ಪೋರ್ಟ್ ವಿಷಯಕ್ಕೆ ಬರೋಣ. ಮಕ್ಕಳಿಗೂ ಬೇರೆ ಬೇರೆ ಪಾಸ್‌ಪೋರ್ಟ್ ಬೇಕು. ಅವರದ್ದು ಐದು ವರ್ಷಕ್ಕೆ ಮುಗಿಯುತ್ತದೆ. 36 ಪುಟದ್ದಕ್ಕೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000. ಹೊಸ ಅರ್ಜಿಯಾದರೆ 8 ವರ್ಷದೊಳಗಿನವರಿಗೆ ಮತ್ತು 60 ದಾಟಿದವರಿಗೆ ಶೇ 10 ರಿಯಾಯಿತಿ ಇದೆ. ನಿಮ್ಮ ಮಗನಿಗೂ ಅತ್ತೆಯವರಿಗೂ ಸಿಗುತ್ತದೆ. ಲಾಲ್‌ಬಾಗ್ ರಸ್ತೆಯಲ್ಲೂ ಮಾರತ್‌ಹಳ್ಳಿಯಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಮಕ್ಕಳ ಅರ್ಜಿಗೆ ಅಪ್ಪ, ಅಮ್ಮ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಎಂಬ ಘೋಷಣಾ ಪತ್ರ ಬೇಕು.

ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಬರೀ ಇನಿಷಿಯಲ್, ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಪೂರ್ತಿ, ಶಾಲೆಯಲ್ಲಿ ಇನ್ನೊಂದು ಥರ. ಅತ್ತೆಯವರ ಕಾಲದವರಿಗೆ ಸರ್‌ನೇಮ್ ಅಂತಲೇ ಇರುವುದಿಲ್ಲ. ಅರ್ಜಿ ಹಾಕುವ ಮೊದಲೇ ಎಲ್ಲ ಕಾಗದ ಮುಂದಿಟ್ಟುಕೊಂಡು ಒಂದೇ ಥರ ಇದೆಯಾ ನೋಡಿ. ವಿಮಾನದ ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಬೇಕು. ಅದಕ್ಕೇ ಹೇಳುವುದು, ಆಫರ್ ಬಂತು ಅಂತ ಪಾಸ್‌ಪೋರ್ಟ್ ಕೈಗೆ ಬರುವ ಮುಂಚೆ ಟಿಕೆಟ್ ಮಾಡಿಸಬೇಡಿ. ಯಜಮಾನರ ಪಾಸ್‌ಪೋರ್ಟ್ ಅವಧಿಯನ್ನೂ ನೋಡಿ. ಪ್ರಯಾಣದ ಹೊತ್ತಿಗೆ ಕನಿಷ್ಠ 6 ತಿಂಗಳು ಉಳಿದಿರಬೇಕು.

ಸಿಂಗಪುರದ ವೀಸಾಕ್ಕೆ ತಲೆಗೆ 30 ಸಿಂಗಪುರ ಡಾಲರ್. ಅನುಮತಿ ಪಡೆದ ಏಜೆಂಟರ ಮೂಲಕ ಹಾಕಿಸಬೇಕು, ಅವರ ಚಾರ್ಜು ಬೇರೆ. ಸಿಂಗಪುರ ತಲುಪುವುದಕ್ಕೆ ಹಿಂದಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ಸೈಟು ತೆರೆದುಕೊಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಇನ್ನು 4.5 ಲಕ್ಷ ಸಾಕಾ? ಸಾಕು, ಆದರೆ ಬಿಗಿಯಾಗಿ. ಸಿಂಗಪುರ ಡಾಲರ್‌ಗೆ 70 ರೂಪಾಯಿ ಅಂತ ಹಿಡಿದು ಲೆಕ್ಕ ಹಾಕೋಣ. ರಜೆ ಸಮಯದಲ್ಲಿ ನೇರ ವಿಮಾನಕ್ಕೆ ಒಬ್ಬರಿಗೆ ಹೋಗಿಬರಲು 28 ಸಾವಿರ ಎಂದುಕೊಂಡರೆ ಐದು ಜನಕ್ಕೆ 1.4 ಲಕ್ಷ. ಐದು ವರ್ಷದ ಮಗುವಿಗೆ ಅರ್ಧ ಟಿಕೆಟ್ ಅಂದುಕೊಳ್ಳಬೇಡಿ, ಅದು ರೈಲಿನ ಮಾತು. ಎರಡು ವರ್ಷ ದಾಟಿದರೆ ಮಗುವಿಗೂ ಸೀಟು, ಹೆಚ್ಚುಕಡಿಮೆ ಪೂರ್ತಿ ದರ.

ಬಜೆಟ್ ಒಡೆಯುವುದು ಹೋಟೆಲ್ ಕೋಣೆ. ಇಲ್ಲಿ ಒಂದು ರೂಮಿಗೆ ಎಕ್ಸ್‌ಟ್ರಾ ಹಾಸಿಗೆ ಹಾಕಿಸಿಕೊಂಡು ಐದು ಜನ ಮಲಗಿಬಿಡುತ್ತೇವೆ. ಸಿಂಗಪುರದ ಕೋಣೆಗಳು ಚಿಕ್ಕವು, ಎಷ್ಟು ಜನ ಅನ್ನುವುದರಲ್ಲಿ ಕಟ್ಟುನಿಟ್ಟು. ನಿಮಗೆ ಎರಡು ಕೋಣೆ ಬೇಕಾಗುತ್ತದೆ. ರಾತ್ರಿಗೆ 150 ಡಾಲರ್‌ನಂತೆ ಎರಡು ಕೋಣೆ, ಐದು ರಾತ್ರಿ, 1.05 ಲಕ್ಷ. ಮೆಟ್ರೋ ಹತ್ತಿರ ಇರುವ ಸಾಧಾರಣ ಹೋಟೆಲ್ ತಗೊಳ್ಳಿ. ಯೂನಿವರ್ಸಲ್ ಇರುವ ಸೆಂಟೋಸಾ ದ್ವೀಪದ ಒಳಗಿನ ರೆಸಾರ್ಟ್ ಆಸೆ ಈ ಸಲ ಬೇಡ.

ಯೂನಿವರ್ಸಲ್‌ಗೆ ದೊಡ್ಡವರ ಟಿಕೆಟ್ 80 ಡಾಲರ್ ಮೇಲೆಯೇ ಇರುತ್ತದೆ. 4ರಿಂದ 12 ವರ್ಷದವರಿಗೆ ಸ್ವಲ್ಪ ಕಡಿಮೆ. ಐವರಿಗೂ ಸೇರಿ 27 ಸಾವಿರ ಇಟ್ಟುಕೊಳ್ಳಿ. ಇಡೀ ಪ್ರವಾಸ ಯಾವುದಕ್ಕೋಸ್ಕರವೋ ಅದಕ್ಕೆ ತಗಲುವುದು ಇಷ್ಟೇ ನೋಡಿ! ಊಟಕ್ಕೆ 40 ಸಾವಿರ, ಮೆಟ್ರೋ ಮತ್ತು ಟ್ಯಾಕ್ಸಿಗೆ 12, ವೀಸಾ 15, ವಿಮೆ 8, ಮೃಗಾಲಯ ಮತ್ತು ಗಾರ್ಡನ್ಸ್ ಬೈ ದ ಬೇಗೆ 25. ಒಟ್ಟು 3.72 ಲಕ್ಷ. ಹೊಸ ಪಾಸ್‌ಪೋರ್ಟ್‌ಗಳಿಗೆ 5 ಸಾವಿರ. ಇನ್ನೊಂದು 40 ಸಾವಿರ ಮುಟ್ಟಬೇಡಿ. ಜ್ವರ ಬಂದರೆ, ಚಪ್ಪಲಿ ಕಿತ್ತರೆ, ಮಗ ಕೊನೆಯ ಅಂಗಡಿಯಲ್ಲಿ ನೆಲಕ್ಕೆ ಕೂತುಬಿಟ್ಟರೆ ಬೇಕಾಗುತ್ತದೆ.

ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಜನ ಜಾಸ್ತಿ ಇರುವ ದಿನ ಅದರ ಬೆಲೆ ಟಿಕೆಟ್‌ನಷ್ಟೇ ಆಗಬಹುದು. ಐದು ಜನಕ್ಕೆ ಅದನ್ನು ಕೊಳ್ಳುವ ಬದಲು ದಿನ ನೋಡಿ ಆರಿಸಿ. ಅಲ್ಲಿನ ಶಾಲೆಗಳ ಜೂನ್ ರಜೆ ಮೇ ಕೊನೆಯ ವಾರದಲ್ಲೇ ಶುರುವಾಗುತ್ತದೆ. ಮೇ 1ರ ಆಸುಪಾಸಿನಲ್ಲಿ ಅಲ್ಲೂ ರಜೆ, ಚೀನಾದವರಿಗೂ ರಜೆ. ನಮ್ಮ ಮಕ್ಕಳಿಗೆ ಏಪ್ರಿಲ್ ಮಧ್ಯಕ್ಕೇ ಬಿಡುವು ಸಿಗುತ್ತದಲ್ಲ, ಏಪ್ರಿಲ್ ಮೂರನೇ ವಾರ ಇಲ್ಲವೇ ಮೇ ಎರಡನೇ ವಾರ ಹೋಗಿ. ಪಾರ್ಕಿಗೆ ಮಂಗಳವಾರ ಅಥವಾ ಬುಧವಾರ.

ಮಳೆಯ ಲೆಕ್ಕವನ್ನೂ ಹಾಕಿ. ಸಿಂಗಪುರದಲ್ಲಿ ಆಗ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಿಂಚು ಹತ್ತಿರ ಬಂದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಆದ್ದರಿಂದ ಬಾಗಿಲು ತೆಗೆಯುವ ಅರ್ಧ ಗಂಟೆ ಮೊದಲೇ ಗೇಟಿನ ಹತ್ತಿರ ಇರಿ. ಬೆಳಿಗ್ಗೆ ಹೊರಗಿನವು ಮುಗಿಸಿ, ಊಟವಾದ ಮೇಲೆ ಟ್ರಾನ್ಸ್‌ಫಾರ್ಮರ್ಸ್, ಮಮ್ಮಿಯಂಥ ಕಟ್ಟಡದೊಳಗಿನವು. ಮಗ ಹೋಗಲಾಗದ ರೈಡ್‌ನಲ್ಲಿ ಸಿಬ್ಬಂದಿಗೆ ಚೈಲ್ಡ್ ಸ್ವಾಪ್ ಬೇಕು ಅನ್ನಿ. ಒಬ್ಬರು ಮಗಳ ಜೊತೆ ಹೋಗಿಬರುತ್ತಾರೆ, ಇನ್ನೊಬ್ಬರು ಮಗನ ಜೊತೆ ಕಾಯುತ್ತಾರೆ. ಆಮೇಲೆ ಕಾದವರು ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು. ದುಡ್ಡಿಲ್ಲ, ಕೇಳಬೇಕು ಅಷ್ಟೇ.

ಹೊರಡುವ ಮೊದಲು ಒಂದು ಭಾನುವಾರ ಎಲ್ಲರೂ ಬಿಡದಿಯ ವಂಡರ್‌ಲಾಗೆ ಹೋಗಿಬನ್ನಿ. ಅಲ್ಲೂ ಎತ್ತರದ ನಿಯಮವಿದೆ, ಕ್ಯೂ ಇದೆ, ಬಿಸಿಲೂ ಇದೆ. ಮಧ್ಯಾಹ್ನ ಮೂರಕ್ಕೆ ಯಾರ ಮುಖ ಮೊದಲು ಊದಿಕೊಳ್ಳುತ್ತದೆ, ಅತ್ತೆಯವರಿಗೆ ಎಷ್ಟು ಹೊತ್ತಿಗೆ ಕೂರಬೇಕು ಅನಿಸುತ್ತದೆ, ನೋಡಿಕೊಳ್ಳಿ. ಅತ್ತೆಯವರು ಯೂನಿವರ್ಸಲ್ ಬೇಡ ಅಂದರೆ ಬಲವಂತ ಮಾಡಬೇಡಿ. ಯಜಮಾನರೊಬ್ಬರು ಮಧ್ಯಾಹ್ನದವರೆಗೆ ಅವರ ಜೊತೆಗಿರಲಿ, ಅತ್ತೆಯವರ ಟಿಕೆಟ್ ದುಡ್ಡೂ ಉಳಿಯುತ್ತದೆ. ವಿಮಾನ ನಿಲ್ದಾಣದ ವೀಲ್‌ಚೇರ್‌ಗೆ ಮಾತ್ರ ಟಿಕೆಟ್ ಮಾಡುವಾಗಲೇ ಹೇಳಿ. ವಿಮೆಯ ಫಾರಂನಲ್ಲಿ ಅವರ ಬಿಪಿ, ಶುಗರ್ ಮುಚ್ಚಿಡಬೇಡಿ. ಪ್ರೀಮಿಯಂ ಸ್ವಲ್ಪ ಹೆಚ್ಚಾದೀತು, ಮುಚ್ಚಿಟ್ಟರೆ ಕ್ಲೇಮ್ ಬಿದ್ದುಹೋಗುತ್ತದೆ.

ಪ್ರಶ್ನೆ: ಪ್ಯಾಕೇಜ್ ಬಿಲ್‌ನಲ್ಲಿ ಟಿಸಿಎಸ್ ಅಂತ ಸೇರಿಸಿದ್ದಾರೆ. ಇದು ಹೋದ ದುಡ್ಡಾ? ಅಲ್ಲಿ ಖರ್ಚಿಗೆ ಕ್ರೆಡಿಟ್ ಕಾರ್ಡ್ ಸಾಲದಾ?
– ಓದುಗರು, ವಿಜಯನಗರ

ಉತ್ತರ: ಹೋದ ದುಡ್ಡಲ್ಲ. ಅದು ಮುಂಗಡವಾಗಿ ಕಟ್ಟಿಸಿಕೊಳ್ಳುವ ತೆರಿಗೆ. ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿ ತೆರಿಗೆ ಇಲಾಖೆಯ ಲೆಕ್ಕಪಟ್ಟಿಯಲ್ಲಿ ಕಾಣಿಸುತ್ತದೆ. ರಿಟರ್ನ್ಸ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಹೆಚ್ಚಿದ್ದರೆ ರೀಫಂಡ್ ಬರುತ್ತದೆ. ದರ ಬಜೆಟ್‌ಗಳಲ್ಲಿ ಬದಲಾಗುತ್ತಾ ಬಂದಿದೆ, ಬುಕ್ ಮಾಡುವ ದಿನದ್ದನ್ನು ಕೇಳಿಕೊಳ್ಳಿ. ಯಾರ ಪ್ಯಾನ್ ಕೊಡುತ್ತೀರಿ ಅನ್ನುವುದು ಮುಖ್ಯ. ರಿಟರ್ನ್ಸ್ ಹಾಕದ ಅಮ್ಮನ ಪ್ಯಾನ್ ಕೊಟ್ಟರೆ ಆ ದುಡ್ಡು ಬಿಡಿಸಿಕೊಳ್ಳಲು ಅವರೂ ರಿಟರ್ನ್ಸ್ ಹಾಕಬೇಕಾಗುತ್ತದೆ. ವಿಮಾನ, ಹೋಟೆಲ್ ಬೇರೆ ಬೇರೆ ನೀವೇ ಬುಕ್ ಮಾಡಿದರೆ ಪ್ಯಾಕೇಜ್ ಮೇಲಿನ ಈ ಟಿಸಿಎಸ್ ಇಲ್ಲ.

ಕಾರ್ಡ್ ಉಜ್ಜಬಹುದು, ಆದರೆ ಬಹಳಷ್ಟು ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟಿಗೆ ಶೇ 3.5 ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ. ಒಂದು ಲಕ್ಷಕ್ಕೆ 4,130 ರೂಪಾಯಿ ಸುಮ್ನೆ ಹೋಗುತ್ತದೆ. ಈ ಶುಲ್ಕ ಇಲ್ಲದ ಕಾರ್ಡ್ ಇದ್ದರೆ ಅದು, ಇಲ್ಲವಾದರೆ ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಬ್ಯಾಂಕಿನ ಫಾರೆಕ್ಸ್ ಕಾರ್ಡ್. ಒಂದಿಷ್ಟು ನಗದನ್ನು ಬೆಂಗಳೂರಿನಲ್ಲೇ, ವಿಮಾನ ನಿಲ್ದಾಣದ ಹೊರಗೆ ಬದಲಿಸಿಕೊಳ್ಳಿ. ಅಲ್ಲಿನ ಅಂಗಡಿಯ ಮೆಷಿನ್ನು ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಅಂತ ಕೇಳಿದರೆ ಬೇಡ ಅನ್ನಿ, ಡಾಲರ್ ಒತ್ತಿ. ರೂಪಾಯಿ ಅಂದರೆ ಅವರು ಹೇಳಿದ್ದೇ ದರ.

ಪ್ರಶ್ನೆ: ‘ಈಗ ಹೋಗಿ, ಆಮೇಲೆ ಕಟ್ಟಿ’ ಅಂತ ಸಾಲ ಕೊಡುತ್ತಾರೆ. 3 ಲಕ್ಷ ತಗೊಂಡು ಡಿಸ್ನಿಲ್ಯಾಂಡ್‌ಗೆ ಹೋಗಬಹುದಾ?
– ಓದುಗರು, ಕೆಂಗೇರಿ

ಉತ್ತರ: ಬೇಡ. ಶೇ 14ರ ಬಡ್ಡಿಗೆ 24 ತಿಂಗಳ ಸಾಲ ಅಂದರೆ ತಿಂಗಳಿಗೆ 14,400 ಕಂತು, ಬಡ್ಡಿಯೇ ಸುಮಾರು 46 ಸಾವಿರ. ಅದೇ ಕಂತನ್ನು ಇಂದಿನಿಂದ ಆರ್‌ಡಿಗೆ ಕಟ್ಟಿದರೆ 21 ತಿಂಗಳಲ್ಲಿ 3 ಲಕ್ಷ ಕೈಯಲ್ಲಿರುತ್ತದೆ, ಬಡ್ಡಿ ನಿಮಗೆ ಬರುತ್ತದೆ. ಅಷ್ಟರಲ್ಲಿ ಮಗುವೂ ಒಂದಿಷ್ಟು ಬೆಳೆದಿರುತ್ತದೆ, ಇನ್ನಷ್ಟು ರೈಡ್‌ಗೆ ಹತ್ತಬಹುದು.

ಪ್ರಶ್ನೆ: ನಾನು ಒಬ್ಬಳೇ ಮಗಳನ್ನು ಕರೆದುಕೊಂಡು ಹೋಗಬೇಕು. ನಮಗೆ ವಿಚ್ಛೇದನ ಆಗಿದೆ. ತೊಂದರೆ ಆಗುತ್ತಾ?
– ಓದುಗರು, ಜಯನಗರ

ಉತ್ತರ: ಕಾಗದ ಸರಿಯಿದ್ದರೆ ಇಲ್ಲ. ಮಗುವಿನ ಪಾಸ್‌ಪೋರ್ಟ್‌ಗೆ ಅಪ್ಪನ ಒಪ್ಪಿಗೆ ಸಿಗದಿದ್ದರೆ ಅನೆಕ್ಷರ್ ಸಿ ಎಂಬ ಘೋಷಣಾ ಪತ್ರ ಇದೆ. ಮಗು ನಿಮ್ಮ ಸುಪರ್ದಿಯಲ್ಲಿದೆ ಅನ್ನುವ ಕೋರ್ಟ್ ಆದೇಶದ ಪ್ರತಿ, ಜನನ ಪ್ರಮಾಣಪತ್ರ ಎರಡೂ ಕೈಚೀಲದಲ್ಲಿರಲಿ. ಮಗುವನ್ನು ನೋಡುವ ಹಕ್ಕು ಅಪ್ಪನಿಗೂ ಇದ್ದರೆ, ದೇಶದ ಹೊರಗೆ ಹೋಗಲು ಕೋರ್ಟ್ ಷರತ್ತು ಹಾಕಿದೆಯಾ ಅಂತ ವಕೀಲರನ್ನು ಮೊದಲೇ ಕೇಳಿ. ಸಂಬಂಧ ಚೆನ್ನಾಗಿದ್ದರೆ ಅವರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ತಗೊಳ್ಳಿ.

ಪ್ರಶ್ನೆ: ಮೊಮ್ಮಗ ಮೊಸರನ್ನ ಬಿಟ್ಟರೆ ಏನೂ ತಿನ್ನಲ್ಲ. ಸಿಂಗಪುರದಲ್ಲಿ ಏನು ಮಾಡೋದು?
– ಓದುಗರು, ಬಸವನಗುಡಿ

ಉತ್ತರ: ಅಜ್ಜಿ ಯೋಚನೆ ಮಾಡಬೇಡಿ. ಲಿಟಲ್ ಇಂಡಿಯಾದಲ್ಲಿ ಮೊಸರು, ಅನ್ನ ಎರಡೂ ಸಿಗುತ್ತವೆ. ಹೋಟೆಲ್ ಕೋಣೆಯಲ್ಲಿ ಅಕ್ಕಿ ಬೇಯಿಸಲು ಬಿಡುವುದಿಲ್ಲ, ಕುಕ್ಕರ್ ಹೊತ್ತುಕೊಂಡು ಹೋಗಬೇಡಿ. ಬಿಸಿನೀರಿನ ಕೆಟಲ್ ಇದೆಯಾ ಅಂತ ನೋಡಿ ಕೋಣೆ ಮಾಡಿಸಿ. ಗೊಜ್ಜವಲಕ್ಕಿ ಮಿಕ್ಸ್, ಚಟ್ನಿಪುಡಿ ಇದ್ದರೆ ಬೆಳಗಿನ ತಿಂಡಿ ಮುಗಿಯಿತು. ಪಾರ್ಕಿನ ದಿನ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ ಹೊರಡಿಸಿ, ಒಳಗೆ ಊಟ ದುಬಾರಿ. ಉಪ್ಪಿನಕಾಯಿ ಬಾಟಲಿ ಮಾತ್ರ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿಟ್ಟರೆ ಅದು ದೇವನಹಳ್ಳಿಯಲ್ಲೇ ಉಳಿಯುತ್ತದೆ.